ಪಾಸಾಗತೈತಿ ಬಿಡು

ನಿಪ್ಪಾಣಿಯ ಹತ್ತಿರ ಹೆದ್ದಾರಿಯ ಸೇತುವೆಯೊಂದರ ಕೆಳಗಿನಿಂದ ನಮ್ಮ ರಸ್ತೆ ಚಿಕ್ಕೋಡಿ ಕಡೆಗೆ ಹೋಗುತ್ತಿತ್ತು. ಆ ಸೇತುವೆಯನ್ನು ಕಂಡರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಸೇತುವೆ ಪಾಪ, ಏನೂ ಮಾಡಿಲ್ಲ. ಅವತ್ತು ಅದರ ಕೆಳಗೆ ನಿಂತಿದ್ದ ನಮ್ಮ ಜನ ನೆನಪಾಗುತ್ತಾರೆ.

ಎರಡು ಸಾವಿರದ ಹತ್ತರ ಆಚೀಚಿನ ಮಾತು. ನಾನು ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಶಾಲೆಯ ಅಧ್ಯಕ್ಷರೇ ಚಿಕ್ಕೋಡಿಯಾಚೆ ಕಟ್ಟುತ್ತಿದ್ದ ಹೊಸ ಸಕ್ಕರೆ ಕಾರ್ಖಾನೆಗೂ ದೊಡ್ಡವರು. ಊರೆಲ್ಲ ಅವರನ್ನು ಸಾವ್ಕಾರ್ರು ಎನ್ನುತ್ತಿತ್ತು. ಕಾರ್ಖಾನೆಯ ಬಾಯ್ಲರಿಗೆ ಬೇಕಾದ ದೈತ್ಯ ಡ್ರಮ್ಮು ಟ್ರೇಲರಿನ ಮೇಲೆ ಬರುತ್ತದೆಂದು ಗೊತ್ತಾದದ್ದೇ ತಡ, ಬ್ಯಾಂಡು, ಪಟಾಕಿ, ತೆಂಗಿನಕಾಯಿ ಎಲ್ಲ ಸಿದ್ಧವಾದವು. ನಮ್ಮ ಕಡೆ ಮರ್ಯಾದೆ ಎಂದರೆ ತಲೆಗೆ ಕೇಸರಿ ಫೇಟಾ ಸುತ್ತುವುದು. ಸಾವ್ಕಾರ್ರಿಗೂ ಅವರ ಜೊತೆಗಿದ್ದ ಹಿರಿಯರಿಗೂ ಒಂದೊಂದು ಸುತ್ತಿದ್ದರು. ಪಾಠ ಬಿಡಿಸಿ ನಮ್ಮನ್ನೂ ಕರೆತಂದಿದ್ದರು. ಕಬ್ಬಿಣದ ಡ್ರಮ್ಮಿಗೆ ಮಾಸ್ತರರು ಯಾಕೆ ಸ್ವಾಗತ ಕೋರಬೇಕು ಎಂದು ಕೇಳುವವರು ಯಾರು?

ಟ್ರೇಲರು ಬಂದು ಸೇತುವೆಗೆ ತುಸು ಹಿಂದೆಯೇ ನಿಂತಿತು. ಡ್ರೈವರ್ ರಾಜಸ್ಥಾನದ ಕಡೆಯವನು, ಗಡ್ಡದ ತುಂಬ ಧೂಳು. ಇಳಿದು ಸೇತುವೆಯ ತೊಲೆಯನ್ನು ನೋಡಿದ, ತನ್ನ ಮಾಲನ್ನು ನೋಡಿದ, ತಲೆಯಲ್ಲಾಡಿಸಿದ. ದಾರಿಯ ಎತ್ತರ ಅಳೆಯುವವರು ಹಿಂದೆ ಬರುತ್ತಿದ್ದಾರೆ, ಅವರು ಬರುವವರೆಗೆ ಕದಲುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದ.

ನಮ್ಮದು ಕಬ್ಬಿನ ಸೀಮೆ. ಲಾರಿಗೆ ಕಬ್ಬು ಹೇರುವವರಿಗೆ ಅಳತೆ ಎಂಬುದೇ ಇಲ್ಲ, ಹಗ್ಗ ಸಾಲುವಷ್ಟೂ ಹೇರುತ್ತಾರೆ. ಆ ಸೇತುವೆಯ ಕೆಳಗೆ ಮೇಲಿನ ಕಬ್ಬು ತೊಲೆಗೆ ತಾಗಿ, ಬಾಗಿ, ಸರಬರ ಸದ್ದು ಮಾಡುತ್ತ ಆಚೆ ದಾಟುತ್ತಿತ್ತು. ಉದುರಿದ ನಾಲ್ಕು ಕಬ್ಬನ್ನು ದಾರಿಹೋಕರು ಎತ್ತಿಕೊಳ್ಳುತ್ತಿದ್ದರು. ಹಂಗಾಮು ಹಂಗಾಮಿಗೂ ಇದನ್ನೇ ನೋಡಿದವರಿಗೆ ಅಲ್ಲಿ ಏನು ಬೇಕಾದರೂ ತೂರಿಹೋಗುತ್ತದೆಂಬ ನಂಬಿಕೆ ಬಂದುಬಿಟ್ಟಿತ್ತು.

“ನಮ್ಮ ಕಬ್ಬಿನ ಗಾಡಿ ಇದಕ್ಕಿಂತ ಎತ್ತರ ಇರ್ತಾವ. ದಿನಾ ಹೊಕ್ಕಾವ. ಪಾಸಾಗತೈತಿ ಬಿಡು,” ಎಂದರು ಸಾವ್ಕಾರ್ರು. ಅದನ್ನೇ ಹಿಂದಿಯಲ್ಲಿ ಅವನಿಗೆ ಗದರಿದರು. ಪೂಜೆಯ ಮುಹೂರ್ತ ಮೀರುತ್ತಿತ್ತು.

ನನಗೆ ತಡೆಯಲಾಗಲಿಲ್ಲ. “ಕಬ್ಬು ಬಾಗತೈತ್ರಿ ಸಾವ್ಕಾರ್ರ. ಈ ಡ್ರಮ್ಮು ಬಾಗೂದಿಲ್ಲ,” ಎಂದೆ.

“ನಿಮ್ಮ ಪಾಠ ಸಾಲ್ಯಾಗ ಇರ್ಲಿ ಮಾಸ್ತರ.”

ಎಲ್ಲರೂ ನಕ್ಕರು. ಸಾವ್ಕಾರ್ರು ತಾವೇ ಸೇತುವೆಯ ಆಚೆ ಬದಿಗೆ ಹೋಗಿ ನಿಂತು, ಎರಡೂ ಕೈಗಳಿಂದ ಬಾ ಬಾ ಎಂದು ಕರೆದರು. ಊರಲ್ಲದ ಊರಿನಲ್ಲಿ ಅಷ್ಟು ಜನರೆದುರು ಆ ಡ್ರೈವರ್ ಎಷ್ಟೆಂದು ವಾದಿಸಿಯಾನು? ಗಾಡಿ ಏರಿದ.

ಡ್ರಮ್ಮು ಹೋಗಿ ತೊಲೆಗೆ ಬಡಿಯಿತು. ತೊಲೆ ಸೀಳಿ ಕಾಂಕ್ರೀಟಿನ ಹೆಂಟೆಗಳು ಉದುರಿದವು, ಒಳಗಿನ ಸರಳುಗಳು ಹೊರಬಿದ್ದವು. ಮೇಲೆ ಹೆದ್ದಾರಿಯ ಒಂದು ಬದಿ ಬಿರುಕುಬಿಟ್ಟು ಬಂದ್ ಆಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಪೆಟ್ಟು ಬಿದ್ದದ್ದು ಡ್ರೈವರನಿಗೆ, ಅದೂ ನಮ್ಮವರ ಕೈಯಿಂದ. ನಕ್ಕವರೇ ಅವನನ್ನು ಕೊರಳಪಟ್ಟಿ ಹಿಡಿದು ಎಳೆದು, “ಕುಡದ್ ಗಾಡಿ ಹೊಡದಾನ ಮಗಾ,” ಎಂದು ಬಡಿದರು. ಅವನು ಚಹಾವನ್ನೂ ಕುಡಿದಿರಲಿಲ್ಲ.

ಪೊಲೀಸ್ ಫೌಜದಾರರು ಬಂದು, ಬಾ ಅಂದವರು ಯಾರೆಂದು ಅವನನ್ನು ಕೇಳಿದರು. ಹೆಸರು ಅವನಿಗೇನು ಗೊತ್ತು? ತಲೆಗೆ ಕೇಸರಿ ಬಟ್ಟೆ ಸುತ್ತಿದವರು ಎಂದ. ತಿರುಗಿ ನೋಡಿದರೆ ಒಂದು ತಲೆಯ ಮೇಲೂ ಫೇಟಾ ಇಲ್ಲ! ಎಲ್ಲವೂ ಸಾವ್ಕಾರ್ರ ಜೀಪಿನ ಹಿಂದಿನ ಸೀಟಿನಲ್ಲಿ ಮುದ್ದೆಯಾಗಿ ಬಿದ್ದಿದ್ದವು. ಥೂ, ಇವರ ಮರ್ಯಾದೆಗಿಷ್ಟು!

ಸಾವ್ಕಾರ್ರೇ ಕರೆದರೆಂದು ನಾನು ಹೇಳಿದೆ. ನನ್ನ ಜೊತೆಯ ಮಾಸ್ತರರು ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತ ನಿಂತರು.

“ಪಾಸಾಗತೈತಿ ಅನ್ನೂದು ಗುನ್ನೆ ಏನ್ರಿ ಮಾಸ್ತರ? ಸ್ಟೇರಿಂಗ್ ಯಾರ ಕೈಯಾಗ ಇತ್ತ ಹೇಳ್ರಿ,” ಎಂದರು ಫೌಜದಾರರು.

ಟ್ರೇಲರಿನ ಮಾಲೀಕ ಫೋನೆತ್ತಲಿಲ್ಲ. ಮಾಲು ಬಂದು ಮುಟ್ಟುವವರೆಗೆ ತಮಗೆ ಸಂಬಂಧವಿಲ್ಲ ಎಂದು ಕಾರ್ಖಾನೆಯವರು ಕೈತೊಳೆದುಕೊಂಡರು. ಕೇಸು ಡ್ರೈವರನೊಬ್ಬನ ಮೇಲಾಯಿತು. ಪೊಲೀಸ್ ಜೀಪು ಹತ್ತುವಾಗ ಅವನು ತುಟಿಯ ರಕ್ತ ಒರೆಸಿಕೊಂಡು, “ನಾನು ನಿಲ್ಲಿಸಿದ್ದೆನಲ್ಲ?” ಎಂದು ಹಿಂದಿಯಲ್ಲಿ ನನ್ನನ್ನೇ ಕೇಳಿದ. ಹೌದು, ನೀನು ನಿಲ್ಲಿಸಿದ್ದೆ ಎಂದೆ. ಅದರಿಂದ ಅವನಿಗೆ ಏನೂ ಉಪಯೋಗವಾಗಲಿಲ್ಲ.

ಸೇತುವೆಯ ದುರಸ್ತಿ ಮುಂದಿನ ಕಬ್ಬಿನ ಹಂಗಾಮಿಗೆ ಮುಗಿಯಿತು. ಮತ್ತೆ ಬ್ಯಾಂಡು, ಮತ್ತೆ ಫೇಟಾ. ರಿಬ್ಬನ್ ಕತ್ತರಿಸಿದವರು ಅದೇ ಸಾವ್ಕಾರ್ರು. ಅದೇ ವಾರ ಆ ಡ್ರೈವರ್ ಕೋರ್ಟಿನ ತಾರೀಖಿಗೆ ಅಷ್ಟು ದೂರದಿಂದ ಬಂದವನು ನನಗೆ ಸಿಕ್ಕಿದ್ದ. ಲೈಸೆನ್ಸು ಹೋಗಿ ಢಾಬಾವೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದೇನೆ ಎಂದಿದ್ದ. ಸಮಾರಂಭದಲ್ಲಿ ನನಗೂ ಫೇಟಾ ಸುತ್ತಲು ಬಂದರು. ನಾನು ತಲೆ ಹಿಂದಕ್ಕೆಳೆದುಕೊಂಡೆ.

ಅಷ್ಟರಲ್ಲಿ ಕಬ್ಬಿನ ಲಾರಿಯೊಂದು ಬಂತು. ಮೇಲಿನ ಕಬ್ಬು ಹೊಸ ಸಿಮೆಂಟಿಗೆ ಉಜ್ಜಿ, ಬಾಗಿ, ಸರಬರನೆ ಆಚೆ ದಾಟಿತು. ಸಾವ್ಕಾರ್ರು ಖುಷಿಯಿಂದ ನನ್ನ ಹೆಗಲು ತಟ್ಟಿದರು.

“ನೋಡಿದ್ರಿಲ್ಲೋ ಮಾಸ್ತರ? ಪಾಸಾಗತೈತಿ ಅಂತ ನಾ ಅವತ್ತ ಹೇಳಿದ್ದೆ.”