ಮ್ಯಾಲಕಿಯ ಬ್ರೆಡ್ಡು, ಅಟ್ರಾಕ್ಟಾಳ ಗುಮಾನಿ

ಅಟ್ರಾಕ್ಟಾ ಟ್ಯಾನ್ಸಿ ಹುಟ್ಟುವಾಗಲೇ ಗುಮಾನಿಯ ಮುಖ ಹೊತ್ತು ಬಂದಳೆಂದು ಡೆರಿನಾಶೀ ಊರಿನವರು ಆಡಿಕೊಳ್ಳುತ್ತಿದ್ದರು. ಪೂರ್ತಿ ಸುಳ್ಳು ಎನ್ನಲಾಗದು. ಅಂಗಡಿಯಲ್ಲಿ ತೂಗಿಸಿ ತಂದ ಸಾಸೇಜನ್ನು ಮನೆಯಲ್ಲಿ ಮತ್ತೊಮ್ಮೆ ತೂಗುವಳು. ರೇಡಿಯೋದವರು ನಾಳೆ ಬಿಸಿಲು ಎಂದರೆ ಹೊರಗೆ ಹರವಿದ ಬಟ್ಟೆಯನ್ನು ಒಳಕ್ಕೆ ತರುವಳು. ಪಾದ್ರಿಯ ಪ್ರವಚನ ಉದ್ದವಾದರೆ ಈ ವಾರ ಏನೂ ಓದಿಕೊಂಡು ಬಂದಿಲ್ಲವೆಂದೂ, ಗಿಡ್ಡವಾದರೆ ಎಲ್ಲೋ ಊಟಕ್ಕೆ ಕರೆದಿದ್ದಾರೆಂದೂ ತೀರ್ಮಾನಿಸುವಳು. ದಾರಿಯಲ್ಲಿ ಸಿಕ್ಕವರು "ಚೆನ್ನಾಗಿದೀಯಾ?" ಎಂದರೆ ಸಾಕು, ಇವರಿಗೆ ನನ್ನಿಂದ ಏನಾಗಬೇಕಾಗಿದೆಯೋ ಎಂದು ಮನೆ ಮುಟ್ಟುವವರೆಗೂ ಯೋಚಿಸುವಳು.

ಆಡಿಕೊಳ್ಳುವವರಿಗೆ ಏನು, ಅವರವರ ಮನೆ ಅವರವರ ಹೆಸರಿನಲ್ಲಿತ್ತು. ಅಟ್ರಾಕ್ಟಾ ಇದ್ದ ಮನೆ ಅವಳ ಅಣ್ಣ ಮ್ಯಾಲಕಿಯದು. ಅಪ್ಪ ಸಾಯುವಾಗ ಮನೆ, ಹೊಲ, ದನ ಎಲ್ಲವನ್ನೂ ಮಗನಿಗೆ ಬರೆದಿದ್ದ. ಆಗ ಅವಳು ಬರ್ಮಿಂಗ್‌ಹ್ಯಾಮ್‌ನ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ನೊರೀನ್ ಎಂಬ ಗೆಳತಿಯ ಜೊತೆ ಒಂದು ಕೋಣೆ, ಶನಿವಾರ ಸಂಜೆ ಕುಣಿತದ ಸಭಾಂಗಣ, ಮೈಗೊಪ್ಪುವ ಎರಡು ಅಂಗಿ. ಅಮ್ಮ ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಒಂದು ತಿಂಗಳ ಮಟ್ಟಿಗೆಂದು ಬಂದವಳು, ಅಮ್ಮ ಹಾಸಿಗೆಯಲ್ಲೇ ವರ್ಷಗಟ್ಟಲೆ ಉಳಿದದ್ದರಿಂದ ತಾನೂ ಉಳಿದಳು. ಅಮ್ಮ ಹೋದ ಮೇಲೆ ಅವಳನ್ನು ಇರು ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಈಗ ಅವಳಿಗೆ ಅರವತ್ತು ದಾಟಿತ್ತು. ಮ್ಯಾಲಕಿ ಒಬ್ಬಳನ್ನು ಕಟ್ಟಿಕೊಂಡು ಬಂದ ದಿನ ತಾನು ಪೆಟ್ಟಿಗೆ ಎತ್ತಬೇಕು ಎಂಬ ಅಳುಕು ಅವಳ ಜೊತೆಗೇ ಮಲಗಿ ಜೊತೆಗೇ ಏಳುತ್ತಿತ್ತು. ಇಷ್ಟು ವಯಸ್ಸಾದ ಮೇಲೆ ಯಾರು ಮದುವೆಯಾಗುತ್ತಾರೆ ಎಂದು ಕೇಳುವವರಿಗೆ ನಮ್ಮ ಸ್ಲೈಗೊ ಸೀಮೆಯ ಗಂಡಸರು ಗೊತ್ತಿಲ್ಲ. ಇಲ್ಲಿ ಪಿಂಚಣಿ ಬರಲು ಶುರುವಾದ ಮೇಲೆ ಧೈರ್ಯ ಮಾಡುವವರೂ ಉಂಟು.

ಮ್ಯಾಲಕಿ ಮಾತ್ರ ಆ ತನಕ ಯಾವ ಗುಮಾನಿಗೂ ಎಡೆ ಕೊಟ್ಟವನಲ್ಲ. ದಪ್ಪ ಮೈ, ಕಡಿಮೆ ಮಾತು. ಮನುಷ್ಯರಿಗಿಂತ ಹಸುಗಳ ಜೊತೆ ಆಡಿದ್ದೇ ಹೆಚ್ಚು. ತಟ್ಟೆಗೆ ಬಿದ್ದದ್ದನ್ನು ತಿಂದು ಎದ್ದು ಹೋಗುವನು. ಬ್ರೆಡ್ಡನ್ನು ತಾನೇ ಹೋಳು ಮಾಡಿದವನಲ್ಲ. ಹೀಗಿದ್ದವನು ಸೆಪ್ಟೆಂಬರಿನ ಒಂದು ಬೆಳಿಗ್ಗೆ ಟೀ ಬಟ್ಟಲಿನೊಳಗೆ ನೋಡುತ್ತಾ ಕೇಳಿದ:

"ಬ್ರ್ಯಾಕ್ ಮಾಡುವಾಗ ಒಣದ್ರಾಕ್ಷಿನ ಎಷ್ಟು ಹೊತ್ತು ಟೀಯಲ್ಲಿ ನೆನೆಸ್ತೀಯ?"

ಅಟ್ರಾಕ್ಟಾ ಒಲೆಗೆ ಉರುವಲಿನ ಒಣ ಜೌಗುಮಣ್ಣಿನ ಹೆಂಟೆ ಹಾಕುತ್ತಿದ್ದವಳು ಹಾಗೇ ನಿಂತಳು. "ಯಾಕೆ?"

"ಸುಮ್ನೆ."

"ಸುಮ್ನೆ ಯಾರಾದ್ರೂ ಒಣದ್ರಾಕ್ಷಿ ವಿಚಾರ ಕೇಳ್ತಾರಾ?"

"ಕೇಳ್ಬಾರದಾ?" ಎಂದವನೇ ಟೋಪಿ ಹಾಕಿಕೊಂಡು ಎದ್ದು ಹೋದ.

ಅಲ್ಲಿಂದ ತಲೆಯೊಳಗೆ ಹುಳ ಹೊಕ್ಕಿತು. ಬ್ರ್ಯಾಕ್ ಎಂದರೆ ಅಕ್ಟೋಬರ್ ಕೊನೆಯ ಹ್ಯಾಲೊವೀನ್ ಹಬ್ಬಕ್ಕೆ ಮನೆಮನೆಯಲ್ಲೂ ಮಾಡುವ ಸಿಹಿ ಬ್ರೆಡ್ಡು, ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ದಾಲ್ಚಿನ್ನಿ ಹಾಕಿದ್ದು. ಅದು ಹೆಂಗಸರ ಕಾರುಬಾರು. ಅಮ್ಮನಿಂದ ಅಟ್ರಾಕ್ಟಾಳಿಗೆ ಬಂದಿತ್ತು, ಅವಳ ಕೈಯ ಬ್ರ್ಯಾಕ್ ತಿಂದವರು ಬೇರೆಯವರದನ್ನು ಮುಟ್ಟುತ್ತಿರಲಿಲ್ಲ. ಇವನಿಗೇನು ಅದರ ಗೊಡವೆ? ಆ ವಾರವೇ ಡಬ್ಬಿಯಲ್ಲಿದ್ದ ಒಣದ್ರಾಕ್ಷಿ ಇಳಿಯಿತು. ಮ್ಯಾಲಕಿಯ ಅಂಗಿತೋಳಿನಂಚಿನಲ್ಲಿ ಹಿಟ್ಟು ಮೆತ್ತಿತ್ತು. ಕೇಳಿದರೆ ಕರುಗಳಿಗೆ ತಿನ್ನಿಸುವ ಪುಡಿ ಎಂದ. ಕರುಗಳ ಪುಡಿ ಕಂದು, ಇದು ಬಿಳಿ. ಹಿಂದೆ ಅಮ್ಮ ಬೆಣ್ಣೆ ಕಡೆಯುತ್ತಿದ್ದ ಹಾಲಿನ ಕೋಣೆಗೆ ಎಂದೂ ಇಲ್ಲದ ಬೀಗ ಬಿತ್ತು. ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದಾಗ ಆ ಕೋಣೆಯಿಂದ ಪೀಪ್ ಪೀಪ್ ಎಂಬ ಸದ್ದು ಕೇಳಿತು. ಕೊಟ್ಟಿಗೆಯಲ್ಲಿದ್ದ ಮ್ಯಾಲಕಿ ಆ ಸದ್ದಿಗೆ ಬಕೆಟ್ಟು ಬಿಸಾಕಿ ಓಡಿ ಬಂದ. ಹಸು ಕರು ಹಾಕುವಾಗಲೂ ಅವನು ಹಾಗೆ ಓಡಿದ್ದನ್ನು ಅವಳು ಕಂಡಿರಲಿಲ್ಲ.

ಶನಿವಾರ ಅವನು ದನದ ಸಂತೆಗೆ ಹೊರಟದ್ದೇ ತಡ, ಅಟ್ರಾಕ್ಟಾ ಬೆಣ್ಣೆ ಚಾಕು ತಂದು ಬಾಗಿಲಿನ ತಿರುಪುಗಳನ್ನೇ ಬಿಚ್ಚಿದಳು. ಬೀಗ ಬೀಗದ ಪಾಡಿಗೆ ನೇತಾಡುತ್ತಿತ್ತು. ಒಳಗೆ ಗೋಣಿಚೀಲದ ಕೆಳಗೆ ಒಂದು ಬಿಳಿ ಪೆಟ್ಟಿಗೆ, ಮೇಲೆ ಗಾಜಿನ ಮುಚ್ಚಳ, ಮುಂದೆ ಗುಂಡಿಗಳು. ಬ್ರೆಡ್ ಮಿಷಿನ್ನು! ಹಿಟ್ಟು, ನೀರು, ಈಸ್ಟು ಸುರಿದರೆ ತಾನೇ ನಾದಿ, ತಾನೇ ಉಬ್ಬಿಸಿ, ತಾನೇ ಬೇಯಿಸುವಂಥದ್ದು. ನಾದಲು ಸೋಮಾರಿಗಳಾದವರಿಗೆ ಹೇಳಿ ಮಾಡಿಸಿದ್ದು ಎಂದು ಅವಳು ಮೂಗು ಮುರಿಯುವಷ್ಟರಲ್ಲಿ ಇನ್ನೊಂದು ಹೊಳೆಯಿತು. ಆ ಮಿಷಿನ್ನು ಅವಳಿಗೆ ಗೊತ್ತಿತ್ತು. ಇಡೀ ಊರಿಗೇ ಗೊತ್ತಿತ್ತು. ಕ್ರಿಸ್‌ಮಸ್ಸಿಗೆ ಡಬ್ಲಿನ್ನಿನಿಂದ ಮಗಳು ಕಳಿಸಿದಳೆಂದು ಡಿಂಪ್ನಾ ಕ್ಯಾರಲ್ ಚರ್ಚಿನ ಬಾಗಿಲಲ್ಲಿ ನಿಂತು ಕಂಡಕಂಡವರಿಗೆಲ್ಲ ಹೇಳಿದ್ದಳು. ಡಿಂಪ್ನಾ ಎಂದರೆ ದನದ ಸಂತೆಯ ಕ್ಯಾಂಟೀನು ನಡೆಸುವವಳು, ವಿಧವೆ, ಗಟ್ಟಿ ನಗು, ಕೆಂಪು ಲಿಪ್‌ಸ್ಟಿಕ್ಕು.

ಮುಂದಿನ ಶನಿವಾರ ಅಟ್ರಾಕ್ಟಾ ತಾನೂ ಸಂತೆಗೆ ಬರುವೆನೆಂದು ಟ್ರ್ಯಾಕ್ಟರಿಗಿಂತ ಮೊದಲೇ ಗೇಟಿನಲ್ಲಿ ನಿಂತಿದ್ದಳು. ಮ್ಯಾಲಕಿಯ ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ್ದೊಂದು ಗಂಟು.

"ಅದೇನು?"

"ಹಗ್ಗ."

ಹಗ್ಗಕ್ಕೆ ದಾಲ್ಚಿನ್ನಿ ಪರಿಮಳ ಯಾವಾಗ ಬಂತೋ ಎಂದು ಅಟ್ರಾಕ್ಟಾ ಕೇಳಲಿಲ್ಲ, ಹೊಲದ ಕಡೆ ಮುಖ ತಿರುಗಿಸಿದಳು. ಕ್ಯಾಂಟೀನಿನಲ್ಲಿ ಹಗ್ಗವನ್ನು ಡಿಂಪ್ನಾ ಹೋಳು ಮಾಡಿ, ಬೆಣ್ಣೆ ಸವರಿ ಹಂಚುತ್ತಿದ್ದಳು. ನಡುವಿನ ಹೋಳುಗಳ ಬುಡದಲ್ಲಿ ಒಂದು ತೂತು. ನಾದುವ ರೆಕ್ಕೆ ಮಿಷಿನ್ನಿನ ತಳದಲ್ಲಿ ಸಿಕ್ಕಿಕೊಂಡೇ ಬೇಯುವುದರಿಂದ ಬಿದ್ದ ತೂತು ಅದು. ಪಕ್ಕದಲ್ಲಿ ಕೂತಿದ್ದ ಮುದುಕ ಲ್ಯೂಕ್ ಡರ್ಕಿನ್ ಬಾಯಿ ತುಂಬಿಕೊಂಡೇ ಕೆಣಕಿದ: "ನಿಮ್ಮಣ್ಣನ ಕೈರುಚಿ ನೋಡಿದ್ಯೇನಮ್ಮಾ? ನಾವೆಲ್ಲ ಹೆಂಗಸರಿಗೆ ಹೂವು ಕೊಟ್ಟು ಕೆಟ್ವಿ. ಇವನು ನೋಡು, ಬ್ರೆಡ್ಡು ಕೊಟ್ಟು ಗೆಲ್ತಾನೆ!"

"ನೀನು ಹೂವು ಕೊಟ್ಟಿದ್ದು ಯಾರಿಗೆ, ಲ್ಯೂಕ್? ನಿನ್ನ ಹೆಂಡತಿಗಂತೂ ಬಂದಿಲ್ಲ," ಎಂದು ಡಿಂಪ್ನಾ ನಕ್ಕಳು. ನಗುತ್ತಲೇ ಅಟ್ರಾಕ್ಟಾಳ ಕಡೆ ಕಣ್ಣು ಮಿಟುಕಿಸಿದಳು. ಆ ಮಿಟುಕಿಗೆ ಅಟ್ರಾಕ್ಟಾಳ ಮೈಯೆಲ್ಲ ಉರಿದುಹೋಯಿತು.

ಇನ್ನೂ ಏನಾದರೂ ಅನುಮಾನ ಉಳಿದಿದ್ದರೆ ಅದನ್ನು ಉಂಗುರ ತೀರಿಸಿತು. ಹಬ್ಬದ ಹಿಂದಿನ ದಿನ ಗುಂಡಿ ಹೊಲಿಯಲೆಂದು ಅವನ ಕೋಟು ಎತ್ತಿಕೊಂಡಾಗ ಜೇಬಿನಲ್ಲಿ ಬೆಣ್ಣೆ ಕಾಗದದಲ್ಲಿ ಸುತ್ತಿದ ಉಂಗುರ ಸಿಕ್ಕಿತು. ಹಿತ್ತಾಳೆಯದು, ಹೊಸದು. ಹ್ಯಾಲೊವೀನಿನ ಬ್ರ್ಯಾಕ್‌ನೊಳಗೆ ಉಂಗುರ ಇಡುವುದು ಪದ್ಧತಿಯೇ. ಯಾರ ಹೋಳಿನಲ್ಲಿ ಬಂತೋ ಅವರಿಗೆ ವರ್ಷದೊಳಗೆ ಮದುವೆ. ಆದರೆ ಬಾಯಿ ಬಿಟ್ಟು ಕೇಳಲಾರದ ಗಂಡಸರು ಬೇಕಾದವಳ ಹೋಳಿಗೇ ಉಂಗುರ ಬರುವಂತೆ ಮಾಡಿ ಕೇಳಿದ್ದೂ ಈ ಊರಲ್ಲಿ ನಡೆದದ್ದುಂಟು. ಬಾಯಿ ಬಿಡಲಾರದವರಲ್ಲಿ ಮ್ಯಾಲಕಿಗಿಂತ ಮೇಲಾದವನು ಯಾರು? ಅಟ್ರಾಕ್ಟಾ ಉಂಗುರವನ್ನು ಒಲೆಗೆ ಎಸೆಯಬೇಕೆಂದುಕೊಂಡಳು. ಕೈ ಬರಲಿಲ್ಲ. ಇದ್ದಲ್ಲೇ ಇಟ್ಟು ಗುಂಡಿ ಹೊಲಿದಳು, ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು.

ಹಬ್ಬದ ಸಂಜೆ ಅವಳೂ ಎಂದಿನಂತೆ ಬ್ರ್ಯಾಕ್ ಮಾಡಿದ್ದಳು. ಅದು ಕಪಾಟಿನಲ್ಲೇ ಉಳಿಯಿತು. ಮ್ಯಾಲಕಿ ಕತ್ತಿನವರೆಗೂ ಗುಂಡಿ ಹಾಕಿದ ಶರಟು ತೊಟ್ಟು, ಹಾಲಿನ ಕೋಣೆಯಿಂದ ತನ್ನದನ್ನು ತಂದು ಮೇಜಿನ ಮೇಲಿಟ್ಟ. ಮುಖ ಬ್ರೆಡ್ಡಿಗಿಂತ ಕೆಂಪಾಗಿತ್ತು.

"ನಾನೇ ಮಾಡಿದ್ದು," ಎಂದ. "ಡಿಂಪ್ನಾನ ಕರೆದಿದೀನಿ."

"ಗೊತ್ತಿತ್ತು," ಎಂದಳು ಅಟ್ರಾಕ್ಟಾ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

ಡಿಂಪ್ನಾ ಬಂದು ಕೂತಳು. ಮ್ಯಾಲಕಿ ಬ್ರ್ಯಾಕ್ ಹೋಳು ಮಾಡಿದ, ಅದೂ ಸೊಟ್ಟಸೊಟ್ಟಾಗಿ. ಉಂಗುರ ಯಾವುದರಲ್ಲಿದೆಯೆಂದು ಅಟ್ರಾಕ್ಟಾಳಿಗೆ ಹೇಗೆ ತಿಳಿಯಬೇಕು? ಅವಳಿಗೆ ಹೊಳೆದದ್ದು ಒಂದೇ ಉಪಾಯ. ಡಿಂಪ್ನಾಳ ಕಡೆಗಿದ್ದ ಹೋಳನ್ನು ತಾನೇ ಎತ್ತಿಕೊಂಡು ತಿಂದಳು. ಮ್ಯಾಲಕಿ ಇನ್ನೊಂದನ್ನು ಅತ್ತ ಸರಿಸಿದ. ಅದನ್ನೂ ಎತ್ತಿಕೊಂಡಳು. ರುಚಿ ನೋಡದೆ, ಟೀ ಕುಡಿಯದೆ, ಹಲ್ಲಿಗೆ ಲೋಹ ತಾಗೀತೆಂದು ಕಾಯುತ್ತಾ ನುಂಗಿದಳು. ಮೂರನೆಯದಕ್ಕೆ ಕೈ ಚಾಚಿದಾಗ ಡಿಂಪ್ನಾ ತಟ್ಟೆಯನ್ನೇ ತನ್ನ ಕಡೆ ಎಳೆದುಕೊಂಡಳು.

"ಅಯ್ಯೋ ನಿನ್ನ! ಇವನು ನಿನಗೆ ಊಟ ಹಾಕಿ ಎಷ್ಟು ದಿನ ಆಯ್ತು? ನನಗೂ ಒಂದು ಬಿಡೇ ತಾಯಿ."

ಅವಳು ಕಚ್ಚಿದ ಮೊದಲ ತುತ್ತಿಗೇ ಟಕ್ಕೆಂದಿತು. ಡಿಂಪ್ನಾ ಬಾಯಿಂದ ಉಂಗುರ ತೆಗೆದು ದೀಪಕ್ಕೆ ಹಿಡಿದು ನಕ್ಕಳು. "ಒಬ್ಬನನ್ನ ಮಣ್ಣು ಮಾಡಿ ಇನ್ನೂ ಸುಸ್ತು ಕಳೆದಿಲ್ಲ, ಇನ್ನೊಬ್ಬನಾ!"

ಅಟ್ರಾಕ್ಟಾ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. "ಯಾವತ್ತು ಇಟ್ಕೊಂಡಿದೀರಿ?"

"ಏನನ್ನ?" ಎಂದ ಮ್ಯಾಲಕಿ.

"ಮದುವೆನ! ನನ್ನ ಕಣ್ಣಿಗೆ ಮಣ್ಣೆರಚೋದು ಸಾಕು. ನಾನು ಯಾವತ್ತು ಪೆಟ್ಟಿಗೆ ಎತ್ಕೊಂಡು ಹೊರಡ್ಬೇಕು, ಅಷ್ಟು ಹೇಳ್ಬಿಡಿ. ಇಷ್ಟು ವರ್ಷ ಇವನ ಸಾಕ್ಸು ಒಗೆದಿದೀನಿ, ಅಷ್ಟು ಕೇಳೋ ಹಕ್ಕಾದರೂ ನನಗಿದೆ."

ಡಿಂಪ್ನಾ ಮತ್ತೆ ನಗಲು ಹೊರಟವಳು ಅಟ್ರಾಕ್ಟಾಳ ಮುಖ ನೋಡಿ ನಿಲ್ಲಿಸಿದಳು. "ಇವನನ್ನಾ? ನಾನಾ? ದೇವರಾಣೆ, ಇವನಿಗಿಂತ ಆ ಮಿಷಿನ್ನೇ ವಾಸಿ ಕಣೇ, ಅದು ಪೀಪ್ ಅಂತಾದ್ರೂ ಅನ್ನುತ್ತೆ. ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿತ್ತು, ಕೇಳಿದ, ಕೊಟ್ಟೆ. ಮ್ಯಾಲಕಿ, ಹೇಳೋ ಇವಳಿಗೆ. ಇವತ್ತು ಹೇಳ್ತೀಯ ಅಂತ ತಾನೇ ನನ್ನ ಕರೆಸಿದ್ದು? ಈಗ ನಾನು ಇಲ್ಲಿದ್ರೆ ನೀನು ಬಾಯಿ ಬಿಡಲ್ಲ." ಅವಳು ಉಂಗುರವನ್ನು ಬಸಿಯಲ್ಲಿಟ್ಟು, ಕೋಟು ಹಾಕಿಕೊಂಡು ಹೊರಟೇಬಿಟ್ಟಳು.

ಮ್ಯಾಲಕಿ ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ.

"ಹುಲ್ಲು ಕೊಯ್ಯುವಾಗ ನೀನು ಫಿಲೊಮಿನಾ ಜೊತೆ ಬೇಲಿ ಹತ್ರ ನಿಂತಿದ್ದೆ. ನಾನು ಆಚೆ ಕಡೆ ಇದ್ದೆ. 'ನಾಳೆನೇ ನೊರೀನ್ ಹತ್ರ ಹೋಗ್ಬಿಡ್ತಿದ್ದೆ, ಏನ್ಮಾಡ್ಲಿ, ಈ ಮನುಷ್ಯನಿಗೆ ಒಂದು ಬ್ರೆಡ್ಡು ಮಾಡ್ಕೊಳ್ಳೋಕೆ ಬರಲ್ಲ, ಉಪವಾಸ ಸಾಯ್ತಾನೆ' ಅಂದೆ."

ಆ ಮಾತನ್ನು ಅಟ್ರಾಕ್ಟಾ ಪಕ್ಕದ ಹೊಲದ ಫಿಲೊಮಿನಾಳಿಗೆ ಮಾತ್ರವಲ್ಲ, ಅಂಚೆಯವನಿಗೆ, ದನದ ಡಾಕ್ಟರಿಗೆ, ಬಾಗಿಲಿಗೆ ಬಂದವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಬೇರೆಯವರು ಮಳೆಯನ್ನು ಬಯ್ಯುವ ಹಾಗೆ ಅವಳು ಅಣ್ಣನನ್ನು ಬಯ್ಯುತ್ತಿದ್ದಳು, ಅಷ್ಟೆ. ಬರ್ಮಿಂಗ್‌ಹ್ಯಾಮ್ ಈಗ ಅವಳಿಗೆ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆಂದೂ ತಿಳಿಯದ ಊರು. ಊರಿನವರೆಲ್ಲರ ಮಾತನ್ನೂ ಜರಡಿ ಹಿಡಿಯುತ್ತಿದ್ದವಳು ತನ್ನ ಮಾತನ್ನು ಇನ್ನೊಬ್ಬರು ನಂಬಿಯಾರು ಎಂದು ನೆನೆದೇ ಇರಲಿಲ್ಲ.

"ನೀನು ಅಮ್ಮನಿಗೋಸ್ಕರ ಬಂದೆ," ಎಂದ ಮ್ಯಾಲಕಿ. "ನನಗೋಸ್ಕರ ಇಲ್ಲೇ ಸವೆದೆ. ಒಂದು ದಿನಾನೂ ಹೋಗು ಅಂತ ಹೇಳೋ ಬುದ್ಧಿ ನನಗೆ ಬರಲಿಲ್ಲ. ಈಗ ಬ್ರೆಡ್ಡು ಬರುತ್ತೆ. ಕುರಿ ಮಾಂಸದ ಸ್ಟ್ಯೂ ಮಾಡೋದೂ ಡಿಂಪ್ನಾ ಹೇಳ್ಕೊಟ್ಟಿದಾಳೆ. ನೀನು ಹೋಗೋದಿದ್ರೆ ಹೋಗು. ನಾನು ಹೇಗೋ ಇರ್ತೀನಿ."

ಅಟ್ರಾಕ್ಟಾಳಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಇಷ್ಟು ದಿನ ಹೊರಗೆ ಹಾಕಿಯಾನು ಎಂದು ಹೆದರಿದ್ದಳು. ಈಗ ಅವನು ಪ್ರೀತಿಯಿಂದಲೇ ಬಾಗಿಲು ತೆರೆದು ನಿಂತಿದ್ದ. ಹೊರಗಿನ ಚಳಿ ಮಾತ್ರ ಅದೇ. ಇದೂ ಒಂದು ಉಪಾಯವಿರಬಹುದೇ, ನಯವಾಗಿ ಸಾಗಹಾಕುವುದಕ್ಕೆ? ಅವಳು ಬೇರೆ ಏನೂ ತೋಚದೆ ತಟ್ಟೆಯಿಂದ ಒಂದು ಚೂರು ಮುರಿದು ಬಾಯಿಗಿಟ್ಟಳು. ಈ ಸಲ ರುಚಿ ತಿಳಿಯಿತು. ಹದವಾಗಿ ಉಬ್ಬಿತ್ತು. ಒಣದ್ರಾಕ್ಷಿ ಒಂದೂ ಜಜ್ಜಿಹೋಗಿರಲಿಲ್ಲ. ಈಗ ಒಣದ್ರಾಕ್ಷಿ ಹಾಕು ಎಂದು ಮಿಷಿನ್ನು ಪೀಪ್ ಎಂದಾಗಲೇ ಓಡಿಬಂದು ಹಾಕಿದ್ದ.

"ಚೆನ್ನಾಗಿದೆ," ಎಂದಳು. "ಯಾವಾಗಿಂದ ಹೀಗೆ ಬರ್ತಿದೆ?"

"ಶುರುವಿನಿಂದಲೇ. ಅದರಲ್ಲಿ ನಂದೇನಿದೆ, ಮಿಷಿನ್ನು ತಾನೇ ಮಾಡುತ್ತೆ."

"ಹಾಗಾದ್ರೆ ಸೆಪ್ಟೆಂಬರಿಂದ ಬೀಗ ಹಾಕ್ಕೊಂಡು ಏನು ಮಾಡ್ತಿದ್ದೆ? ಅವತ್ತೇ ಹೇಳೋಕೇನಾಗಿತ್ತು?"

ಮ್ಯಾಲಕಿ ಮೇಜಿನ ಮೇಲಿನ ಪುಡಿಯನ್ನು ಬೆರಳಿನಿಂದ ಒಂದೆಡೆಗೆ ಗುಡ್ಡೆ ಮಾಡಿದ. ಆಮೇಲೆ ಅದನ್ನು ಮತ್ತೆ ಹರಡಿದ.

"ಹೇಳಿದ್ರೆ ನೀನು ಹೋಗ್ಬಿಡ್ತಿದ್ದೆ," ಎಂದ.

ಅಟ್ರಾಕ್ಟಾ ಅಭ್ಯಾಸಬಲದಿಂದ ಆ ಮಾತನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅದರ ಹಿಂದೆ ಯಾರೂ ಇರಲಿಲ್ಲ, ಮ್ಯಾಲಕಿ ಒಬ್ಬನೇ ಇದ್ದ. ಏಪ್ರನ್ನಿನಲ್ಲೇ ಮೂಗು ಕಣ್ಣು ಒರೆಸಿಕೊಂಡಳು.

"ನಾನು ಎಲ್ಲಿಗೂ ಹೋಗಲ್ಲ ಕಣೋ," ಎಂದಳು. "ನೀನು ಉಪವಾಸ ಬೀಳ್ತೀಯ ಅಂತ ಅಲ್ಲ. ನನಗೆ ಇಲ್ಲೇ ಇರ್ಬೇಕು ಅನ್ಸುತ್ತೆ, ಅದಕ್ಕೆ."

ಮ್ಯಾಲಕಿ ತಲೆಯಾಡಿಸಿದ. ಮುಖವನ್ನು ಟೀ ಬಟ್ಟಲಿನಿಂದ ಮುಚ್ಚಿಕೊಂಡ.

"ಮಿಷಿನ್ನು ಅವಳಿಗೆ ವಾಪಸ್ ಕೊಟ್ಬಿಡ್ಲಾ?"

"ಇರ್ಲಿ ಬಿಡು. ನಾಳೆ ಅಡುಗೆಮನೆಗೇ ತಂದಿಡು," ಎಂದಳು ಅಟ್ರಾಕ್ಟಾ. "ನೀನು ಮಾಡು. ನಾನು ಕೂತು ತಿಂತೀನಿ."