ಚಿಗರಿ ಮರಿ ಮಾತು ನಿಲ್ಲಿಸಿದ ಚಿತ್ರ

೧೯೫೬ರ ಮಳೆಗಾಲದಲ್ಲಿ ನಾನು ಗಜೇಂದ್ರಗಡದ ಒಂದು ಜಿನ್ನಿಂಗ್ ಕಾರ್ಖಾನೆಯ ಗೋದಾಮಿನಲ್ಲಿ ಕ್ಯಾಮೆರಾಮನ್ ಆಗಿದ್ದೆ. ಹತ್ತಿಯ ಹಂಗಾಮು ಮುಗಿದು ಕಾರ್ಖಾನೆ ಮುಚ್ಚಿತ್ತು. ಅದರ ಮಾಲಕರಿಗೆ, ನಾವೆಲ್ಲ ಸಾಹುಕಾರರು ಎನ್ನುತ್ತಿದ್ದವರಿಗೆ, ಮಕ್ಕಳಿಗಾಗಿ ಒಂದು ಆ್ಯನಿಮೇಶನ್ ಚಿತ್ರ ತೆಗೆಯುವ ಹುಚ್ಚು ಹಿಡಿದಿತ್ತು. ನಾನು ಬೆಳವಣಕಿಯವನು. ಮುಂಬಯಿಯ ಸ್ಟುಡಿಯೋ ಒಂದರಲ್ಲಿ ಕೆಲವು ವರ್ಷ ಕ್ಯಾಮೆರಾ ಸಹಾಯಕನಾಗಿದ್ದು ಊರಿಗೆ ಮರಳಿದ್ದೆ. ಅಷ್ಟು ಸಾಕೆಂದು ಅವರು ನನ್ನನ್ನು ಕರೆಸಿಕೊಂಡರು.

ಇಂದಿನ ಮಕ್ಕಳ ಚಿತ್ರಗಳು ಟೆಲಿವಿಷನ್ ಧಾರಾವಾಹಿಗಳಿಂದ ಹುಟ್ಟುತ್ತವೆ. ನಮ್ಮದು ಹುಟ್ಟಿದ್ದು ರೇಡಿಯೋದಿಂದ. ಗುಂಪು ತಪ್ಪಿದ ಚಿಗರಿ ಮರಿಯೊಂದು, ಎಂದರೆ ಜಿಂಕೆ ಮರಿ, ಎರೆಹೊಲಗಳನ್ನು ದಾಟುತ್ತ, ಸಿಕ್ಕವರನ್ನೆಲ್ಲ ಮಾತಾಡಿಸುತ್ತ ತಾಯಿಯನ್ನು ಹುಡುಕುವ ಕತೆ ವಾರಕ್ಕೊಮ್ಮೆ ಪ್ರಸಾರವಾಗುತ್ತಿತ್ತು. ಮರಿಯ ಮಾತು ಹೇಳುತ್ತಿದ್ದವಳು ನನ್ನ ಹೆಂಡತಿ ಸುಶೀಲಾ. ಆಗ ಎಲ್ಲವೂ ನೇರ ಪ್ರಸಾರ. ಹೇಳಿದ ಮಾತು ಹೇಳಿದ ಕ್ಷಣಕ್ಕೇ ಮುಗಿಯುತ್ತಿತ್ತು, ಯಾರೂ ಅದನ್ನು ಹಿಡಿದಿಟ್ಟಿರಲಿಲ್ಲ. ಸುಶೀಲಾ ಎಪ್ಪತ್ತು ದಾಟಿ ಕಳೆದ ಶ್ರಾವಣದಲ್ಲಿ ತೀರಿಕೊಂಡಳು. ಆ ಚಿತ್ರದ ಒಳಸಂಗತಿಗಳನ್ನು ಬಲ್ಲವರು ಈಗ ಬಹುಶಃ ನಾನೊಬ್ಬನೇ.

ನಮ್ಮ ಪಾತ್ರಗಳು ತೊಗಲು ಗೊಂಬೆಗಳು. ಮುಶಿಗೇರಿ ಕಡೆಯಿಂದ ಬಂದ ಭೀಮಪ್ಪ ಎಂಬ ಗೊಂಬೆಯಾಟದವನು ಅವುಗಳನ್ನು ಮಾಡಿದ್ದ. ಗಾಜಿನ ಮೇಲೆ ಗೊಂಬೆ ಮಲಗಿಸಿ, ಕೆಳಗೆ ದೀಪ ಹಚ್ಚಿ, ಮೇಲಿನಿಂದ ಕ್ಯಾಮೆರಾ ಇಳಿಬಿಟ್ಟಿದ್ದೆವು. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತಷ್ಟು ಸರಿಸಿ ಇನ್ನೊಂದು. ಇಂಥ ಇಪ್ಪತ್ನಾಲ್ಕು ಚಿತ್ರ ಸೇರಿದರೆ ತೆರೆಯ ಮೇಲೆ ಒಂದು ಸೆಕೆಂಡು.

"ಸಾಹೇಬ್ರ, ಹಿಂಗ ಲಗ್ನದ ಆಟ ಆಡಿಸಿದ್ರ ಅಕ್ಕಿಕಾಳು ಬೀಳೂದ್ರಾಗ ಮದಮಗಳು ಮೊಮ್ಮಕ್ಕಳನ್ನ ಕಾಣತಾಳ್ರಿ" ಎಂದು ಭೀಮಪ್ಪ ನಗುತ್ತಿದ್ದ.

ದೀಪದ ಕಾವಿಗೆ ತೊಗಲು ಮುದುಡುತ್ತಿತ್ತು. ಅದಕ್ಕೆ ಮೇಲೊಂದು ತೆಳು ಗಾಜು ಮುಚ್ಚುತ್ತಿದ್ದೆವು. ಚಿತ್ರದಲ್ಲಿ ಏಳುವ ಧೂಳು ಜೋಳದ ಹಿಟ್ಟು. ಮಳೆಯ ಸದ್ದು ಮೊರದ ಮೇಲೆ ಸುರಿದ ಹುರುಳಿ. ಚಂದ್ರನ ಮುಂದೆ ಕುಪ್ಪಳಿಸಿ ಹೋಗುವ ಚುಕ್ಕೆಯನ್ನು ನೋಡಿದವರೆಲ್ಲ ಹಕ್ಕಿ ಎಂದುಕೊಂಡರು. ಅದು ಗಾಜಿನ ನಡುವೆ ಸಿಕ್ಕ ಇರುವೆ.

ಈ ಕೆಲಸದಲ್ಲಿ ಧ್ವನಿ ಮೊದಲು, ಚಿತ್ರ ನಂತರ. ಸಾಹುಕಾರರು ಮುಂಬಯಿಯಿಂದ ತರಿಸಿದ ಟೇಪ್ ರೆಕಾರ್ಡರಿನಲ್ಲಿ ಸುಶೀಲಾಳ ಮಾತು ತುಂಬಿದೆವು. ಒಂದೊಂದು ಅಕ್ಷರ ಎಷ್ಟು ಹೊತ್ತು ನಿಲ್ಲುತ್ತದೆಂದು ಟೇಪನ್ನು ಹಿಂದೆ ಮುಂದೆ ಓಡಿಸಿ ನಾನು ಅಳೆಯುತ್ತಿದ್ದೆ. ಭೀಮಪ್ಪ ಅಳೆಯುತ್ತಿರಲಿಲ್ಲ, ಕಣ್ಣು ಮುಚ್ಚಿ ಕೇಳುತ್ತಿದ್ದ. ಅವನ ಮೇಳದ ಪದ್ಧತಿ ಒಂದೇ. ಮಾತಾಡುವ ಗೊಂಬೆ ಅಲ್ಲಾಡಬೇಕು, ಕೇಳುವ ಗೊಂಬೆ ನಿಂತಿರಬೇಕು. ಸುಶೀಲಾ ಉಸಿರೆಳೆದುಕೊಂಡಲ್ಲಿ ಅವನ ಮರಿ ಕತ್ತೆತ್ತುತ್ತಿತ್ತು, ಅವಳು ತಡವರಿಸಿದಲ್ಲಿ ಕಾಲು ಹಿಂದಿಡುತ್ತಿತ್ತು.

ಕತೆಯ ಅರ್ಧದಷ್ಟು ಮಾತು ತುಂಬಿ, ಅಷ್ಟರ ಚಿತ್ರ ತೆಗೆಯುವ ಹೊತ್ತಿಗೆ ಅವಳ ದನಿ ಒಡೆಯಿತು. "ಗೋದಾಮಿನ ಧೂಳ ಕುಂತದ ಗಂಟಲದಾಗ, ಅಷ್ಟ" ಎಂದಳು. ಬಿಸಿನೀರು, ಮೆಣಸು, ಬೆಲ್ಲ ಎಲ್ಲ ಆಯಿತು. ಕೆಮ್ಮು ಹೋಗಲಿಲ್ಲ. ಗದಗಿಗೆ ಕರೆದೊಯ್ದೆ. ಡಾಕ್ಟರು ಕನ್ನಡಿ ಹಿಡಿದು ಗಂಟಲು ನೋಡಿದರು, ಎದೆಯ ಎಕ್ಸ್-ರೇ ತೆಗೆಸಿದರು. ಕ್ಷಯ ಧ್ವನಿಪೆಟ್ಟಿಗೆಗೆ ಹಬ್ಬಿತ್ತು.

"ಮಾತು ಪೂರಾ ಬಂದ್ ಮಾಡಬೇಕವಾ. ಪಿಸುಮಾತೂ ಬ್ಯಾಡ" ಎಂದು ಅವಳಿಗೆ ಹೇಳಿದರು. ಅವಳು ಹೊರಗೆ ಹೋದ ಮೇಲೆ ನನಗೆ ಹೇಳಿದರು: "ಇಂಜೆಕ್ಷನ್ ರೋಗಾ ಕಳೀತದ. ದನಿ ತಿರುಗಿ ಬರೂದು ನನ್ನ ಕೈಯಾಗಿಲ್ರಿ."

ಮನೆಗೆ ಒಂದು ಪಾಟಿ ತಂದೆ. ಬೇಕಾದ್ದನ್ನು ಅವಳು ಬಳಪದಿಂದ ಅದರ ಮೇಲೆ ಬರೆಯತೊಡಗಿದಳು.

ಸಾಹುಕಾರರು ಕೆಟ್ಟವರಲ್ಲ. ಇಂಜೆಕ್ಷನ್ನುಗಳನ್ನು ತಾವೇ ತರಿಸಿಕೊಟ್ಟರು. ಆದರೆ ದೀಪಾವಳಿಗೆ ಚಿತ್ರ ಮುಗಿಯಬೇಕಿತ್ತು. ನಾಟಕ ಕಂಪನಿಯಲ್ಲಿದ್ದ ಒಬ್ಬ ಹುಡುಗಿಯನ್ನು ಗೊತ್ತುಮಾಡಿ ನನ್ನನ್ನು ಕರೆದರು.

"ಮಾಸ್ತರ, ಒಂದ ಮರಿಗೆ ಎರಡ ದನಿ ಬಂದ್ರ ಹುಡುಗೂರು ನಗತಾವ. ಮೊದಲಿಂದ ಈ ಹುಡಿಗಿ ಕಡಿಂದನ ಹೇಳಸ್ರಿ."

"ಟೇಪ್ ಸಾಲೂದಿಲ್ರಿ."

"ಹಳೇದರ ಮ್ಯಾಲ ತುಂಬ್ರಿ."

ಹಳೆಯದರ ಮೇಲೆ ತುಂಬಿದರೆ ಕೆಳಗಿನದು ಅಳಿಸಿಹೋಗುತ್ತದೆ. "ಅಕಿ ದನಿ ಇರೂದು ಅದೊಂದ್ರಾಗ ಅದರಿ" ಎಂದೆ.

"ನನಗ ತಿಳಿಯೂದಿಲ್ಲೇನ್ರಿ? ಬ್ಯಾರೆ ದಾರಿ ಇದ್ರ ನೀವ ಹೇಳ್ರಿ, ಹಂಗ ಮಾಡೂಣು."

ನನಗೆ ಬೇರೆ ದಾರಿ ಗೊತ್ತಿರಲಿಲ್ಲ. ಮೊದಲು ಉಳಿದಿದ್ದ ಖಾಲಿ ಟೇಪಿನಲ್ಲಿ ಹುಡುಗಿಯ ಮಾತು ತುಂಬಿ, ಆಗಲೇ ತೆಗೆದಿದ್ದ ಒಂದು ದೃಶ್ಯವನ್ನು ಮತ್ತೆ ತೆಗೆಯುವುದು, ಹೊಂದಿದರೆ ಹಳೆಯದನ್ನು ಅಳಿಸುವುದು ಎಂದು ಅವರೇ ತೀರ್ಮಾನಿಸಿದರು. ಮನೆಗೆ ಬಂದು ಸುಶೀಲಾಳಿಗೆ ಹೇಳಿದೆ. ಅವಳು ಪಾಟಿಯನ್ನು ಒರೆಸಿದಳು. ಆಮೇಲೆ ಬರೆದಳು: "ಅಳಸ್ರಿ. ಮರಿ ಅವ್ವನ ಕಡೆ ಮುಟ್ಟಬೇಕಲ್ಲ."

ಆ ಹುಡುಗಿಯ ದನಿಯಲ್ಲಿ ತಪ್ಪಿರಲಿಲ್ಲ. ಚೆನ್ನಾಗಿಯೇ ಹೇಳಿದಳು. ದೃಶ್ಯ ತೆಗೆದು ಫಿಲ್ಮನ್ನು ತೊಳೆಯಲು ಮುಂಬಯಿಗೆ ಕಳಿಸಿದೆವು. ತೊಳೆದು ಬಂದ ಮೊದಲ ಪ್ರತಿಗೆ ರಶ್ ಪ್ರಿಂಟ್ ಎನ್ನುತ್ತಾರೆ. ರೋಣದ ಟೆಂಟ್ ಟಾಕೀಸಿನಲ್ಲಿ ಒಂದು ಬೆಳಿಗ್ಗೆ ಪರದೆಗಳನ್ನು ಬಿಗಿದು, ಪಕ್ಕದಲ್ಲಿ ಟೇಪ್ ಹಚ್ಚಿ ನೋಡಿದೆವು. ಹುಡುಗಿ ಮಾತಾಡುವಾಗ ಮರಿ ಸುಮ್ಮನೆ ನಿಂತಿತ್ತು. ಅವಳು ಸುಮ್ಮನಾದಾಗ ಕತ್ತೆತ್ತಿತು. ಎಲ್ಲಿಯೂ ಇಲ್ಲದ ತಡವರಿಕೆಗೆ ಕಾಲು ಹಿಂದಿಟ್ಟಿತು.

ಸಾಹುಕಾರರು ಮೊದಲು ನಕ್ಕುಬಿಟ್ಟರು. "ಏ ಭೀಮಪ್ಪಾ, ದನಿ ರೋಣಕ್ಕ ಹೊಂಟದ, ಮರಿ ನರಗುಂದಕ್ಕ ಹೊಂಟದಲ್ಲೋ!"

ಭೀಮಪ್ಪ ನಗಲಿಲ್ಲ. "ಕೈ ಕೇಳವಲ್ದ್ರಿ ಯಜಮಾನ್ರ. ನಾ ಈ ಹುಡಿಗಿ ಮಾತ ಕೇಳಾಕತ್ತೇನಿ, ಕೈ ಸುಶೀಲಕ್ಕಾರ ಮಾತ ಆಡಸಾಕತ್ತದ."

ಇನ್ನೊಮ್ಮೆ ತೆಗೆದೆವು. ನಾನು ಪ್ರತಿ ಅಕ್ಷರಕ್ಕೂ ಕೂಗಿ ಹೇಳಿದೆ, ಅವನು ಹೇಳಿದಂತೆ ಸರಿಸಿದ. ಮರಿ ಕೀಲು ಕೊಟ್ಟ ಆಟಿಕೆಯಂತೆ ನಡೆಯಿತು. ನಾನೇ ಸರಿಸಿ ನೋಡಿದೆ, ಅದು ಇನ್ನೂ ಕೆಟ್ಟಿತು. ಅಷ್ಟರಲ್ಲಿ ಫಿಲ್ಮು ಮುಗಿಯುತ್ತ ಬಂದಿತ್ತು. ಆ ಕಾಲದಲ್ಲಿ ಅದು ಹೊರದೇಶದಿಂದ ಬರಬೇಕು, ಕೇಳಿದಾಗ ಸಿಗುತ್ತಿರಲಿಲ್ಲ. ಉಳಿದದ್ದರಲ್ಲಿ ಚಿತ್ರದ ಎರಡನೆಯ ಭಾಗವನ್ನು ಒಂದು ಸಲ ಮಾತ್ರ ತೆಗೆಯಬಹುದಿತ್ತು. ಸಾಹುಕಾರರು ತಲೆಗೆ ಕೈ ಹಚ್ಚಿ ಕುಳಿತರು. "ಮುಂದಿನ ಭಾಗದಾಗ ಮರಿ ಮಾತ ತಗದ ಹಾಕ್ರಿ. ಉಳದವು ಮಾತಾಡಲಿ" ಎಂದರು.

ಸುಶೀಲಾಳ ದನಿ ಉಳಿದದ್ದು ಹೀಗೆ. ಯಾರೂ ಅದನ್ನು ಉಳಿಸಲಿಲ್ಲ. ಬೇರೆ ಯಾವುದೂ ಕೂಡಿಬರದೆ ಅದು ಉಳಿಯಿತು.

ಮಾತಿಲ್ಲದ ಗೊಂಬೆಯನ್ನು ಭೀಮಪ್ಪ ಅಲ್ಲಾಡಿಸಲಿಲ್ಲ. ಆದ್ದರಿಂದ ಎರಡನೆಯ ಭಾಗದಲ್ಲಿ ಮರಿ ಬಂದು ನಿಲ್ಲುತ್ತದೆ. ಆಮೆ ಕೇಳುತ್ತದೆ, ಕೊಕ್ಕರೆ ಬೈಯುತ್ತದೆ, ಮರಿ ನಿಂತೇ ಇರುತ್ತದೆ. ತಾಯಿ ಸಿಕ್ಕಾಗಲೂ ನಿಂತಿರುತ್ತದೆ. ತಾಯಿಯೇ ನಡೆದು ಬರುತ್ತದೆ. ಮುಂದೆ ಯಾರೋ ಇದನ್ನು ಹೊಸ ಬಗೆಯ ನಿರೂಪಣೆ ಎಂದು ಹೊಗಳಿದರಂತೆ. ನಮಗೆ ಬೇರೆ ಉಪಾಯವಿರಲಿಲ್ಲ.

ದೀಪಾವಳಿ ಕಳೆದು ಕೆಲವು ವಾರಗಳಿಗೆ ನರಗುಂದದ ಟೆಂಟಿನಲ್ಲಿ ಮೊದಲ ಆಟವಾಯಿತು. ಆ ಹೊತ್ತಿಗೆ ಸುಶೀಲಾಳಿಗೆ ಪಿಸುಮಾತಿನ ಅನುಮತಿ ಸಿಕ್ಕಿತ್ತು. ದನಿ ಹಿಂದಿರುಗಿರಲಿಲ್ಲ. ಹೆಂಗಸರ ಕಡೆ ಕುಳಿತು ಚಿತ್ರವನ್ನು ಪೂರ್ತಿ ನೋಡಿದಳು. ಹೊರಗೆ ಬಂದಾಗ, ಅವಳ ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಜೊತೆಗೇ ನಡೆದಳು.

"ಮರಿ ಎಷ್ಟ ಚಲೋ ಮಾತಾಡತಿತ್ರಿ ಅಕ್ಕಾ! ನಡಕ ಯಾಕ ಸುಮ್ನಾತು? ಅದರ ಮಾತ ಕೇಳಾಕ ಬಂದಿದ್ವಿ ನಾವು."

ಸುಶೀಲಾ ಏನೋ ಹೇಳಿದಳು. ಜನರ ಗದ್ದಲದಲ್ಲಿ ಅದು ಕೇಳಿಸಲಿಲ್ಲ.

"ಏನಂದ್ರಿ?"

ನಾನು ಬಗ್ಗಿ ಕೇಳಿಸಿಕೊಂಡೆ. ಆಮೇಲೆ ಆ ಹೆಂಗಸಿಗೆ ಗಟ್ಟಿಯಾಗಿ ಹೇಳಿದೆ: "ದಣದಿತ್ತಂತವಾ ಅದು. ಭಾಳ ದೂರ ನಡದಿತ್ತಂತ."

ದನಿ ಕೊನೆಯವರೆಗೂ ಬರಲಿಲ್ಲ. ಚಿತ್ರದ ಇದ್ದೊಂದು ಪ್ರತಿ ಟೆಂಟಿನಿಂದ ಟೆಂಟಿಗೆ ತಿರುಗಿತು. ಮಕ್ಕಳು ಮೊದಲ ಭಾಗವನ್ನೇ ಮತ್ತೊಮ್ಮೆ ಹಾಕಿ ಎಂದು ಗಲಾಟೆ ಮಾಡುತ್ತಿದ್ದರು, ಆಟದವರು ಹಾಕುತ್ತಿದ್ದರು. ಫಿಲ್ಮಿನ ಅಂಚಿನಲ್ಲಿ ಧ್ವನಿಯ ಗೆರೆ ಇರುತ್ತದೆ, ಓಡಿಸಿದಷ್ಟೂ ಅದು ಸವೆಯುತ್ತದೆ. ಹೀಗೆ ಮರಿ ಮಾತಾಡುವ ರೀಲೇ ಮೊದಲು ಹಾಳಾಯಿತು. ಟೇಪನ್ನು ನಾನು ಹುಡುಕಿಸುವ ಹೊತ್ತಿಗೆ ಗೋದಾಮಿನ ತೇವಕ್ಕೆ ಅದು ಅಂಟಿಕೊಂಡು ಮುದ್ದೆಯಾಗಿತ್ತು.

ಆಮೇಲೆ ನಾನು ಬೇರೆ ಎಷ್ಟೋ ಚಿತ್ರಗಳಿಗೆ ಕೆಲಸ ಮಾಡಿದೆ. ಮನೆಯಲ್ಲಿ, ಅಂಗಡಿಯಲ್ಲಿ, ಬಂಧುಗಳ ನಡುವೆ ಅವಳ ಪಿಸುಮಾತನ್ನು ಕೇಳಿ ಗಟ್ಟಿಯಾಗಿ ಹೇಳುವ ಕೆಲಸವನ್ನೂ ಮಾಡಿದೆ. ಅವಳು ಹೇಳಿದಷ್ಟನ್ನೇ ಹೇಳುತ್ತಿದ್ದೆ. ನನ್ನದೊಂದು ಮಾತು ಸೇರಿದರೆ ಮೊಣಕೈಯಿಂದ ತಿವಿಯುತ್ತಿದ್ದಳು.

ಕಳೆದ ಶ್ರಾವಣದಲ್ಲಿ, ದವಾಖಾನೆಯಲ್ಲಿ, ಅವಳ ತುಟಿಗಳು ಅಲ್ಲಾಡಿದವು. ನಾನು ಕಿವಿ ಹತ್ತಿರ ಒಯ್ದೆ. ಮಗಳು ಆ ಕಡೆ ನಿಂತಿದ್ದಳು. "ಅಪ್ಪಾ, ಅವ್ವ ಏನಂದ್ಲು?" ಎಂದು ಕೇಳಿದಳು. ನಾನು ಏನಾದರೂ ಒಂದು ಹೇಳಿದ್ದರೆ ಮಗಳಿಗೆ ಜೀವನಪೂರ್ತಿ ಸಮಾಧಾನವಾಗುತ್ತಿತ್ತು. ಆದರೆ ಮಾತು ಸಿಗದ ಕಡೆ ಬೇರೆ ಮಾತು ತುಂಬಿದರೆ ಏನಾಗುತ್ತದೆಂದು ನಾನು ರೋಣದಲ್ಲಿ ನೋಡಿದ್ದೆ. ನನ್ನ ಕಸುಬಿನಿಂದ ಕಲಿತದ್ದು ಅದೊಂದೇ.

"ಕೇಳಸ್ಲಿಲ್ಲವಾ ನನಗ" ಎಂದೆ.