ಗೋಣಿ ತುರುಕಿದ ಕಿಂಡಿಗಳು

ನಮ್ಮಣ್ಣ ಟೇಕಲ್ ಸ್ಟೇಷನ್ನಿನಿಂದ ಸುತ್ತಲ ಹಳ್ಳಿಗಳಿಗೆ ಜಟಕಾ ಹೊಡೆಯುತ್ತಿದ್ದ. ಎಪ್ಪತ್ತರ ದಶಕದ ಮಾತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಮನೆಯಲ್ಲಿ ರೇಷ್ಮೆಹುಳು ನೋಡಿಕೊಳ್ಳುತ್ತಿದ್ದೆ. ಕಂದು ಬಣ್ಣದ ಹೆಣ್ಣುಕುದುರೆ ತಂದ ವರ್ಷ ಅಣ್ಣ ಹಿತ್ತಿಲಲ್ಲಿ ತಾನೇ ಲಾಯ ಕಟ್ಟಿದ. ಗಂಜಲ ನಿಲ್ಲಬಾರದೆಂದು ಚಪ್ಪಡಿ ನೆಲಕ್ಕೆ ಇಳಿಜಾರು ಕೊಟ್ಟ. ಒಂದು ಕೊಡ ನೀರು ಸುರಿದು, ಅದು ಚರಂಡಿ ಸೇರುವವರೆಗೂ ಕುಕ್ಕರಗಾಲಲ್ಲಿ ಕೂತು ನೋಡಿದ. ಸೂರಿನ ಕೆಳಗೆ ಎದುರುಬದುರು ನಾಲ್ಕು ಕಿಂಡಿ ಬಿಟ್ಟ.

"ಇಷ್ಟು ಗಾಳಿ ಬಿಟ್ರೆ ಚಳಿ ಆಗಲ್ವೇನಣ್ಣ?" ಅಂದೆ.

"ಅದನ್ನೂ ನಿನ್ನ ಹುಳ ಅಂದ್ಕೊಂಡ್ಯಾ? ಕುದುರೆ ಚಳಿ ತಡೀತದೆ ಕಣೇ, ಕೆಟ್ಟ ಗಾಳಿ ತಡಿಯಲ್ಲ. ದಿನಾ ಒದ್ದೆ ಹುಲ್ಲು ತೆಗೀಬೇಕು, ಅಷ್ಟೇ."

ಧನುರ್ಮಾಸದಲ್ಲಿ ಅವನ ಮಾವನ ಮನೆಗೆ ಹೊಸ ಸೂರು ಹಾಕಬೇಕಾಗಿ, ಕುದುರೆಯನ್ನು ನನಗೆ ಒಪ್ಪಿಸಿ ಹತ್ತು ದಿನ ಮುಳಬಾಗಿಲಿಗೆ ಹೋದ. ಮಂಜು ಕವಿದ ಬೆಳಿಗ್ಗೆ ಕುದುರೆಯ ಮೈ ಒಮ್ಮೆ ನಡುಗಿದ್ದು ಕಂಡೆ. ಹುಳುಮನೆಯಲ್ಲಿ ಕಿಟಕಿ ಮುಚ್ಚಿ ಕೆಂಡವಿಟ್ಟು ಕಾವು ಕೊಡುವುದೇ ನಾನು ಕಲಿತಿದ್ದ ಆರೈಕೆ. ನಾಲ್ಕೂ ಕಿಂಡಿಗೆ ಗೋಣಿಚೀಲ ತುರುಕಿದೆ. ಹುಳುಗಳು ಹೊತ್ತುಹೊತ್ತಿಗೆ ಸೊಪ್ಪು ಮುಕ್ಕುವ ಕಾಲ, ಕೈ ಬಿಡುವಿರಲಿಲ್ಲ. ಒದ್ದೆ ಹುಲ್ಲು ತೆಗೆಯದೆ ಅದರ ಮೇಲೇ ಒಣಹುಲ್ಲು ಹಾಕಿದೆ. ಬೆಚ್ಚಗಿರಲಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಲದ್ದಿ ಎತ್ತಲು ಬೇಸರವಾಗಿತ್ತು.

ಒಂದು ವಾರ ಕಳೆಯುವಷ್ಟರಲ್ಲಿ ಬಾಗಿಲು ತೆಗೆದರೆ ಗಂಜಲದ ಘಾಟಿಗೆ ಕಣ್ಣುರಿ. ಕುದುರೆ ಕೆಮ್ಮುತ್ತಿತ್ತು. ಗೋಣಿ ಕಿತ್ತೆ, ನೆಲ ತೊಳೆದೆ. ಕೆಮ್ಮು ನಿಲ್ಲಲಿಲ್ಲ.

ಅಣ್ಣ ಬಂದವನೇ ಅದರ ಪಕ್ಕೆಗೆ ಕಿವಿಯಿಟ್ಟ. "ಕಿಂಡಿ ಏನಾದ್ರೂ ಮುಚ್ಚಿದ್ಯೇನೇ?"

"ಇಲ್ಲಣ್ಣ. ನೀನು ಹೇಳ್ದಂಗೇ ಮಾಡಿದೀನಿ."

ಅವನು ನಂಬಿದ. "ಹಂಗಾದ್ರೆ ನಾನು ಬಿಟ್ಟ ಕಿಂಡೀನೇ ಸಾಲ್ದು."

ಮರುದಿನ ಹಾರೆ ಹಿಡಿದು ಪಡುವಣ ಗೋಡೆಯ ಮೇಲರ್ಧ ಕೆಡವಿದ. ಪಕ್ಕದ ಮನೆಯವನು ಬೇಲಿಯಾಚೆಯಿಂದ, "ಏನ್ಲಾ, ಕುದುರೆಗೆ ಬಾಲ್ಕನಿ ಸೀಟಾ? ಸಿನಿಮಾ ಯಾವ್ದು?" ಎಂದು ನಕ್ಕ. ಅಣ್ಣ ನಗಲಿಲ್ಲ. ಕೆಡವಿದ ಮಣ್ಣನ್ನು ನಾನೇ ಮಂಕರಿಯಲ್ಲಿ ಹೊತ್ತೆ. ಪ್ರತಿ ಸಲ ಅವನ ಮುಂದೆ ಬಗ್ಗಿದಾಗಲೂ ಹೇಳಬಹುದಿತ್ತು.

ಕುದುರೆ ಬದುಕಿತು. ಆದರೆ ಸ್ಟೇಷನ್ನಿನ ಏರಿನಲ್ಲಿ ಜನ ಕೂತ ಗಾಡಿ ಎಳೆಯಲು ಉಸಿರು ಸಾಲದೆ ನಿಂತುಬಿಡುತ್ತಿತ್ತು. ಅಣ್ಣ ಅದಕ್ಕೆ ಚಾವಟಿ ಎತ್ತಲಿಲ್ಲ. ಜಟಕಾ ಬಿಟ್ಟು ಮಾಲೂರಿನ ಹೆಂಚಿನ ಕಾರ್ಖಾನೆಗೆ ಕೂಲಿಗೆ ಹೋದ. ಕುದುರೆ ಸಾಯುವವರೆಗೂ ಹಿತ್ತಿಲಲ್ಲೇ ಮೇಯಿತು.

ಎಂಬತ್ತರ ದಶಕದಲ್ಲಿ ಶ್ರೀನಿವಾಸಪುರದ ನನ್ನ ಗಂಡನ ಮನೆಯಲ್ಲಿ ಹಸುವಿಗೆ ಕೊಟ್ಟಿಗೆ ಕಟ್ಟುವಾಗ ಅಣ್ಣ ಬಂದಿದ್ದ. ಗೋಡೆ ಎದೆಯೆತ್ತರ ಬಂದಾಗ ಕೈ ತಡೆದ.

"ಇಲ್ಲಿಗೆ ಸಾಕು ಕಣಮ್ಮ. ಮೇಲೆ ಪೂರಾ ಬಿಟ್ಬಿಡು. ಕಿಂಡಿ ಸಣ್ಣದು ಬಿಟ್ಟು ನಾನೇ ಆ ಮೂಕಪ್ರಾಣಿ ಉಸಿರು ಕಳೆದೆ."

ನಾನು ತಲೆಯೆತ್ತದೆ ಮಣ್ಣು ತುಳಿದೆ. ಅವನು ಬಿಟ್ಟಿದ್ದ ನಾಲ್ಕು ಕಿಂಡಿ ಸಾಕಾಗಿದ್ದವು.